ತಲೆಹೊರೆಯ ಲೆಕ್ಕ

ಸುಗ್ಗಿಯ ಚಳಿ ಇಳಿದು ಬೆಟ್ಟದ ಮರಗಳು ಎಲೆ ಉದುರಿಸತೊಡಗಿದ ಮೇಲೆ ಮಲೆನಾಡಿನ ಕಾಲುದಾರಿಗಳಲ್ಲಿ ಕಾಣುವ ನೋಟವೊಂದು ಓದುಗರಿಗೆಲ್ಲ ಪರಿಚಿತವೇ. ಬೆಳಗಿನ ಮಂಜು ಹರಿಯುವ ಮುನ್ನವೇ ಬೆಟ್ಟಕ್ಕೆ ಹೋದ ಹೆಂಗಸರು ದರಕು ಗುಡಿಸಿ, ತುಳಿದು ತುಂಬಿ, ತಲೆಯ ಮೇಲೆ ಸಿಂಬೆಯಿಟ್ಟು ಹೊರೆ ಹೊತ್ತು ಇಳಿಯುತ್ತಾರೆ. ಇಳಿಸಿ ಮತ್ತೆ ಹತ್ತುತ್ತಾರೆ. ಮೊದಲ ಮಳೆ ಬಿದ್ದು ಎಲೆ ಕೊಳೆಯುವ ಮುಂಚೆ ಕೊಟ್ಟಿಗೆಗೆ ಒಂದು ವರ್ಷಕ್ಕೆ ಸಾಲುವಷ್ಟು ದರಕು ಸೇರಬೇಕು. ಆ ಮೇಲೆ ಹಸಿ ಸೊಪ್ಪಿನ ಸರದಿ, ಅದಾದ ಮೇಲೆ ಕರಡದ ಸರದಿ.

ಅದೇ ಮನೆಯ ಜಗುಲಿಯಲ್ಲಿ ತೋಟದ ಖರ್ಚಿನ ಪುಸ್ತಕವೊಂದು ಇರುತ್ತದೆ. ಮೈಲುತುತ್ತದ ಬೆಲೆ, ಸುಣ್ಣದ ಬೆಲೆ, ಮದ್ದು ಹೊಡೆದವರ ಕೂಲಿ, ಕೊನೆ ಕೊಯ್ದವರ ಕೂಲಿ, ಅಡಿಕೆಯನ್ನು ಪೇಟೆಗೆ ಸಾಗಿಸಿದ ಬಾಡಿಗೆ, ಎಲ್ಲವೂ ತಾರೀಖಿನ ಸಮೇತ ಅದರಲ್ಲಿ ದಾಖಲಾಗಿರುತ್ತವೆ. ದರಕಿನ ಹೊರೆಯ ಸಾಲು ಮಾತ್ರ ಅಲ್ಲಿ ಸಿಗುವುದಿಲ್ಲ. ಮನೆಯಾಕೆ ಹೊತ್ತು ತಂದದ್ದಕ್ಕೆ ಖರ್ಚು ಬರೆಯುವ ಪದ್ಧತಿ ಯಾವ ಮನೆಯಲ್ಲೂ ಇಲ್ಲ.

ಸುಸ್ಥಿರ ಅಭಿವೃದ್ಧಿಯ ಚರ್ಚೆಯನ್ನು ಈ ಬರೆಯದ ಸಾಲಿನಿಂದ ಆರಂಭಿಸುವುದು ಉಚಿತ. ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವ ಆಯೋಗವು 1987ರಲ್ಲಿ ಆ ಪದಕ್ಕೆ ಇಂದು ಬಳಕೆಯಲ್ಲಿರುವ ಅರ್ಥವನ್ನು ನೀಡಿತು. 1992ರ ರಿಯೋ ಘೋಷಣೆಯ 20ನೆಯ ತತ್ತ್ವವು ಮಹಿಳೆಯರ ಪೂರ್ಣ ಪಾಲುಗೊಳ್ಳುವಿಕೆಯಿಲ್ಲದೆ ಸುಸ್ಥಿರ ಅಭಿವೃದ್ಧಿ ಸಾಧ್ಯವಿಲ್ಲವೆಂದು ಸಾರಿತು. ಅಂದಿನಿಂದ ಈ ಮಾತು ಪ್ರತಿಯೊಂದು ವಿಚಾರ ಸಂಕಿರಣದಲ್ಲೂ ಉದ್ಘಾಟನಾ ಭಾಷಣದ ಭಾಗವಾಗಿದೆ. ಆದರೆ ಅದು ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆಗೆ ಬರುವ ಉತ್ತರಗಳು ತೃಪ್ತಿಕರವಾಗಿಲ್ಲ. ಹೆಣ್ಣಿಗೆ ನ್ಯಾಯ ದೊರಕಬೇಕು ಎಂಬುದು ಒಂದು ಉತ್ತರ. ಅದು ನಿರ್ವಿವಾದ, ಆದರೆ ಅನ್ಯಾಯಕ್ಕೂ ಬೆಟ್ಟ ಬೋಳಾಗುವುದಕ್ಕೂ ಏನು ನಂಟು ಎಂಬುದನ್ನು ಅದು ಹೇಳುವುದಿಲ್ಲ. ಹೆಣ್ಣು ಪ್ರಕೃತಿಗೆ ಹತ್ತಿರದವಳು, ಸಹಜವಾಗಿಯೇ ಕಾಡಿನ ರಕ್ಷಕಿ ಎಂಬುದು ಇನ್ನೊಂದು ಉತ್ತರ. ಇದು ಹೊಗಳಿಕೆ ಮಾತ್ರ. ಸೌದೆಗಾಗಿ ಎಳೆಯ ಗಿಡ ಕಡಿಯುವ ಕೈಯೂ ಹೆಣ್ಣಿನದೇ ಆಗಿರುತ್ತದೆ. ಒಲೆ ಉರಿಯಲೇಬೇಕಾದಾಗ ಗಂಡಾಗಲಿ ಹೆಣ್ಣಾಗಲಿ ಗಿಡದ ವಯಸ್ಸನ್ನು ಕೇಳುವುದಿಲ್ಲ.

ನಿಜವಾದ ಕಾರಣ ಆ ಖರ್ಚಿನ ಪುಸ್ತಕದಲ್ಲಿದೆ. ಅಡಿಕೆ ತೋಟಕ್ಕೆ ಗೊಬ್ಬರ ಬೆಟ್ಟದಿಂದ ಬರುತ್ತದೆ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದ ಅರಣ್ಯ ಸೌಲಭ್ಯ ನಿಯಮಗಳು ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಗೊತ್ತುಮಾಡಿದ್ದವು. ಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಸಗಣಿ ಗಂಜಳದೊಡನೆ ಬೆರೆತು, ಗೊಬ್ಬರಗುಂಡಿಯಲ್ಲಿ ಕಳಿತು ತೋಟದ ಬುಡಕ್ಕೆ ಸೇರುತ್ತದೆ. ಬೆಟ್ಟವನ್ನು ಮಿತಿಯರಿತು ಬಳಸಿದರೆ ಅದು ತಲೆಮಾರುಗಟ್ಟಲೆ ಬಾಳುವ ವ್ಯವಸ್ಥೆ. ಮಿತಿ ಮೀರಿ ಸವರಿದರೆ ಮರಗಳು ಕಂಬಗಳಂತೆ ನಿಲ್ಲುತ್ತವೆ, ನೆಲ ಗಟ್ಟಿಯಾಗುತ್ತದೆ, ಮಳೆ ನೀರು ಇಂಗದೆ ಮೇಲ್ಮಣ್ಣನ್ನು ಹೊತ್ತು ಹರಿಯುತ್ತದೆ.

ಹೀಗೆ ಬೆಟ್ಟ ಬಡವಾಗುತ್ತ ಹೋದಾಗ ತೋಟಕ್ಕೆ ತಕ್ಷಣ ಏನೂ ಆಗುವುದಿಲ್ಲ. ಮೊದಲು ಆಗುವುದು ದಾರಿ ಉದ್ದವಾಗುವುದು. ಮನೆಯ ಹಿಂದಿನ ಬೆಟ್ಟದಲ್ಲಿ ಸಿಗುತ್ತಿದ್ದ ಸೊಪ್ಪಿಗೆ ಮುಂದಿನ ದಿಣ್ಣೆಗೆ ಹೋಗಬೇಕಾಗುತ್ತದೆ. ಇನ್ನೂ ಕೆಲವು ವರ್ಷಗಳಾದ ಮೇಲೆ ಹಳ್ಳ ದಾಟಿ ಆಚೆ. ಹೊರೆ ಹೊರುವವಳ ಕುತ್ತಿಗೆಗೆ, ಸೊಂಟಕ್ಕೆ, ಮೊಣಕಾಲಿಗೆ ಬೆಟ್ಟದ ಸ್ಥಿತಿ ಅಂದೇ ತಿಳಿಯುತ್ತದೆ. ಯಜಮಾನನ ಪುಸ್ತಕಕ್ಕೆ ತಿಳಿಯುವುದಿಲ್ಲ, ಏಕೆಂದರೆ ಅರ್ಧ ಮೈಲಿಯ ಹೊರೆಗೂ ಎರಡು ಮೈಲಿಯ ಹೊರೆಗೂ ಅಲ್ಲಿ ಬೆಲೆ ಒಂದೇ, ಸೊನ್ನೆ. ಆಕೆಯ ದುಡಿಮೆ ಬಿಟ್ಟಿಯಾಗಿರುವವರೆಗೆ ಬೆಟ್ಟದ ನಾಶವೂ ಬಿಟ್ಟಿಯಾಗಿಯೇ ಕಾಣುತ್ತದೆ. ಆಕೆಗೆ ಇನ್ನು ಹೊರಲಾಗದು ಎಂಬ ದಿನ ಬಂದಾಗ ಬೆಟ್ಟ ಮೊದಲಿನ ಸ್ಥಿತಿಗೆ ಮರಳುವ ಕಾಲ ಮೀರಿರುತ್ತದೆ. ಬೆಟ್ಟಕ್ಕೆ ಬೇಲಿ ಹಾಕಬೇಕೆ, ಸರದಿಯ ಮೇಲೆ ಸೊಪ್ಪು ಕಡಿಯಬೇಕೆ, ಹೊಸ ಗಿಡ ನೆಡಬೇಕೆ ಎಂಬ ತೀರ್ಮಾನಗಳು ಆಕೆಯನ್ನು ಕೇಳಿ ಆಗುವುದಿಲ್ಲ. ತೀರ್ಮಾನ ಮಾಡುವವನಿಗೆ ನೋವು ತಲುಪುವುದಿಲ್ಲ. ನೋವು ತಲುಪಿದವಳಿಗೆ ತೀರ್ಮಾನದ ಅಧಿಕಾರವಿಲ್ಲ. ಎಚ್ಚರಿಕೆಯ ಗಂಟೆಯ ಹಗ್ಗ ನಡುವೆಯೇ ತುಂಡಾಗಿದೆ.

ಇದು ಮಲೆನಾಡಿನ ಒಂದೆರಡು ತಾಲ್ಲೂಕುಗಳ ಮಾತಲ್ಲ. ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದರಲ್ಲಿ ಕಳೆಯುತ್ತಿದ್ದರೆ, ಅಂತಹ ಕೆಲಸ ಮಾಡುವ ಗಂಡಸರು ಕಳೆಯುತ್ತಿದ್ದುದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಸಂಖ್ಯೆಗಳು 289 ಮತ್ತು 88 ಆದವು. ಐದು ವರ್ಷಗಳಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತು. ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿಯಿತೆಂಬುದು ಗಮನಾರ್ಹ.

ಸೌದೆಯ ವಿಷಯದಲ್ಲೂ ಇದೇ ಕಥೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡ ಮನೆಗಳಿಗೂ ಗ್ಯಾಸ್ ಒಲೆ ತಲುಪಿತೆಂಬುದು ನಿಜ, ಅದು ಸಣ್ಣ ಸಾಧನೆಯಲ್ಲ. ಆದರೆ ಎರಡನೆಯ ಸಿಲಿಂಡರಿಗೆ ಹಣ ಕೊಡುವ ತೀರ್ಮಾನ ಯಾರದು? ಸೌದೆ ತರುವ ಕೆಲಸಕ್ಕೆ ಬೆಲೆ ಇಲ್ಲದ ಮನೆಯಲ್ಲಿ ಸಿಲಿಂಡರ್ ದುಬಾರಿಯಾಗಿಯೇ ಕಾಣುತ್ತದೆ. ಅಲ್ಲದೆ ಮಲೆನಾಡಿನಲ್ಲಿ ಸೌದೆ ಸುಡುವುದು ಅಡುಗೆಯ ಒಲೆಯೊಂದೇ ಅಲ್ಲ. ಬಚ್ಚಲೊಲೆಯ ಹಸಿವು ಅದಕ್ಕಿಂತ ದೊಡ್ಡದು. ಸಂಜೆ ತೋಟದಿಂದ ಬಂದವರಿಗೆಲ್ಲ ಹಂಡೆ ತುಂಬ ಬಿಸಿನೀರು ಕಾದಿರಬೇಕೆಂಬುದು ಇಲ್ಲಿಯ ಬಾಳಿನ ಸುಖಗಳಲ್ಲೊಂದು. ಆ ಸುಖ ಯಾರ ತಲೆಯ ಮೇಲೆ ಮನೆಗೆ ಬಂತೆಂದು ಮೀಯುವವರು ಯೋಚಿಸುವುದು ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಸೌದೆ ಉಳಿಸುವ ಒಲೆಗಳು ಹಲವು ಹಳ್ಳಿಗಳನ್ನು ತಲುಪಿದವು. ಹೊಗೆ ಕಡಿಮೆ, ಸೌದೆ ಕಡಿಮೆ. ಆದರೂ ಒಲೆಯ ಬಾಯಿ ಒಡೆದಾಗ, ಹೊಗೆ ಕೊಳವೆ ಕಟ್ಟಿಕೊಂಡಾಗ ರಿಪೇರಿ ಮಾಡಿಸುವ ಉತ್ಸಾಹ ಅನೇಕ ಮನೆಗಳಲ್ಲಿ ಕಾಣಲಿಲ್ಲ. ಪಂಪ್‌ಸೆಟ್ ಕೆಟ್ಟರೆ ಅದೇ ದಿನ ಮೆಕ್ಯಾನಿಕ್ ಬರುತ್ತಾನೆ.

ಶಿರಸಿ, ಸಿದ್ದಾಪುರ ಭಾಗದಲ್ಲಿ ಗೋಬರ್ ಗ್ಯಾಸ್ ಯಶಸ್ವಿಯಾದದ್ದು ಸುಪರಿಚಿತ ಸಂಗತಿ. ಬೇರೆಡೆ ಪಾಳು ಬಿದ್ದ ಗುಂಡಿಗಳು ಇಲ್ಲಿ ವರ್ಷಗಟ್ಟಲೆ ಉರಿದವು. ಆದರೆ ಅದಕ್ಕೆ ದನ ಬೇಕು, ದನಕ್ಕೆ ಹುಲ್ಲು ಬೇಕು, ಹುಲ್ಲಿಗೆ ಗದ್ದೆ ಬೇಕು. ಹೀಗಾಗಿ ಆ ಭಾಗ್ಯ ದೊರೆತದ್ದು ಜಮೀನಿದ್ದ ಮನೆಯ ಹೆಂಗಸರಿಗೆ. ತೋಟದಲ್ಲಿ ಕೂಲಿಗೆ ಬಂದು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು ಹೋಗುವವಳ ಮನೆಯಲ್ಲಿ ಎಮ್ಮೆಯೂ ಇಲ್ಲ, ಗುಂಡಿಯೂ ಇಲ್ಲ. ಮಹಿಳೆ ಎಂಬ ಒಂದೇ ಶಬ್ದದಲ್ಲಿ ಇಬ್ಬರನ್ನೂ ಸೇರಿಸಿ ಮಾತನಾಡುವುದು ಪರಿಸರ ಚಳವಳಿಯ ಹಳೆಯ ಅಭ್ಯಾಸ. ಒಬ್ಬಳಿಗೆ ಆಸ್ತಿಯಿರುವ ಮನೆಯಲ್ಲಿ ಹಕ್ಕಿಲ್ಲ, ಇನ್ನೊಬ್ಬಳಿಗೆ ಆಸ್ತಿಯೂ ಇಲ್ಲ, ಹಕ್ಕೂ ಇಲ್ಲ. ಇಬ್ಬರೂ ಸೊಪ್ಪು, ಸೌದೆ ಹೊರುತ್ತಾರೆಂಬುದು ನಿಜ; ಆದರೆ ಅರಣ್ಯ ರಕ್ಷಕನ ಕೈಗೆ ಸಿಕ್ಕಿಬಿದ್ದಾಗ ಕತ್ತಿ ಕಳೆದುಕೊಳ್ಳುವವಳು ಎರಡನೆಯವಳು.

ಗದ್ದೆ ತೋಟವಾಗುವ ಸಂಗತಿಯನ್ನು ಇಲ್ಲಿ ಕೊಂಚ ವಿವರವಾಗಿ ನೋಡಬೇಕು. ಅಡಿಕೆಯ ಬೆಲೆ, ಕೂಲಿಯವರ ಅಭಾವ, ಹಂದಿ ಮಂಗಗಳ ಕಾಟ, ಇವೆಲ್ಲ ಸೇರಿ ಕಳೆದ ಎರಡು ಮೂರು ದಶಕಗಳಲ್ಲಿ ಮಲೆನಾಡಿನ ಎಷ್ಟೋ ಭತ್ತದ ಗದ್ದೆಗಳು ತೋಟಗಳಾಗಿವೆ. ರೈತನನ್ನು ಇದಕ್ಕಾಗಿ ದೂರುವಂತಿಲ್ಲ. ಗದ್ದೆ ಅವನ ಹೊಟ್ಟೆ ತುಂಬಿಸುತ್ತಿರಲಿಲ್ಲ. ಆದರೆ ತೀರ್ಮಾನದ ಸರಪಳಿ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಗಮನಿಸಬೇಕು. ಭತ್ತ ಹೋದರೆ ಹುಲ್ಲು ಹೋಯಿತು. ಹುಲ್ಲಿಲ್ಲದೆ ದನ ಕಡಿಮೆಯಾಯಿತು. ದನ ಹೋದ ಮೇಲೆ ಸಗಣಿಯಿಲ್ಲ, ಗೋಬರ್ ಗ್ಯಾಸಿನ ಗುಂಡಿ ಒಣಗಿತು, ಒಲೆ ಮತ್ತೆ ಸೌದೆಗೆ ಬಾಯಿ ತೆರೆಯಿತು. ಗೊಬ್ಬರಗುಂಡಿಯ ಜಾಗದಲ್ಲಿ ಚೀಲದ ಗೊಬ್ಬರ ಬಂತು. ಸಾವಯವ ಅಂಶ ಇಳಿದ ಮಣ್ಣು ಮಳೆಗಾಲದಲ್ಲಿ ಪೋಷಕಾಂಶ ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿತು. ನೆಟ್ಟಿ, ಕಳೆ, ಕೊಯ್ಲಿನ ಕೂಲಿಯನ್ನು ನಂಬಿದ್ದ ಭೂಹೀನ ಹೆಂಗಸರಿಗೆ ವರ್ಷದ ಎರಡು ಮೂರು ತಿಂಗಳ ದುಡಿಮೆ ತಪ್ಪಿತು. ಯಾವ ಭತ್ತ ಕೆಸರಿನಲ್ಲಿ ನಿಲ್ಲುತ್ತದೆ, ಯಾವುದು ನೆರೆಗೆ ಬಾಗುವುದಿಲ್ಲ, ಯಾವುದರ ಗಂಜಿ ಬಾಣಂತಿಗೆ ಹಿತ ಎಂಬ ಅವರ ತಿಳಿವಳಿಕೆ, ಬಿತ್ತಲು ನೆಲವಿಲ್ಲದೆ, ಬೀಜದೊಡನೆಯೇ ಮರೆಯಾಯಿತು. ಈಗ ಎಲೆಚುಕ್ಕೆ ರೋಗ ಹಬ್ಬಿ ತೋಟಗಳು ಕಂಗೆಟ್ಟಿರುವಾಗ, ಒಂದೇ ಬೆಳೆಯನ್ನು ನಂಬಿದ ಮನೆಗಳಿಗೆ ಹಿಂದಿರುಗಲು ಗದ್ದೆಯೂ ಇಲ್ಲ, ಬೀಜವೂ ಇಲ್ಲ. ಗದ್ದೆಯ ಬದುವಿನಲ್ಲಿ ನಿಂತು ಈ ತೀರ್ಮಾನ ಮಾಡಿದ ದಿನ ಅಡುಗೆಮನೆಯವರನ್ನು, ನೆಟ್ಟಿಗೆ ಬರುವವರನ್ನು ಕೇಳಿದ್ದರೆ ತೀರ್ಮಾನ ಬದಲಾಗುತ್ತಿತ್ತೆಂದು ಹೇಳಲಾಗದು. ಒಂದು ಮಡಿಯನ್ನಾದರೂ ಉಳಿಸಿಕೊಳ್ಳೋಣವೆಂಬ ಮಾತು ಬರುತ್ತಿತ್ತೆಂದು ಮಾತ್ರ ಧಾರಾಳವಾಗಿ ಹೇಳಬಹುದು. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಹಿತ್ತಲಿನ ತರಕಾರಿ, ಗೆಡ್ಡೆಗಳ ಬೀಜವನ್ನು ಕಾಯ್ದುಕೊಂಡು ಬಂದಿರುವುದು ಹಿತ್ತಲು ಅವರ ತೀರ್ಮಾನಕ್ಕೆ ಉಳಿದಿರುವ ಕಟ್ಟಕಡೆಯ ನೆಲವಾದ್ದರಿಂದ.

ಮಂಗನ ಕಾಯಿಲೆಯ ಮಾತನ್ನೂ ಈ ಸಂದರ್ಭದಲ್ಲಿ ಆಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ಮರಿ ಉಣುಗುಗಳು ಚುರುಕಾಗಿರುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ದರಕು ಗುಡಿಸುವ ಕಾಲದಲ್ಲೇ. ದಶಕಗಳ ಕಾಲ ನೀಡಲಾಗುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು ಕಂಡುಬಂದು 2022ರ ಸುಮಾರಿಗೆ ಅದರ ಬಳಕೆ ನಿಂತಿತು. ಪ್ರತಿವರ್ಷ ಹೊರಡುವ ಪ್ರಕಟಣೆ ಕಾಡಿಗೆ ಹೋಗಬೇಡಿ, ಹೋದರೆ ಮೈಗೆ ತೈಲ ಹಚ್ಚಿಕೊಳ್ಳಿ ಎನ್ನುತ್ತದೆ. ಕಾಡಿಗೆ ಹೋಗದೆ ಅಂದಿನ ಒಲೆ ಹೇಗೆ ಉರಿಯಬೇಕೆಂಬುದನ್ನು ಪ್ರಕಟಣೆ ಬರೆದವರು ಯಾವ ಹೆಂಗಸನ್ನೂ ಕೇಳಿರಲಿಕ್ಕಿಲ್ಲ.

ಇನ್ನು ಬಡತನ. ಬಡತನ ಕಾಡನ್ನು ಹೇಗೆ ಸವೆಸುತ್ತದೆಂಬುದಕ್ಕೆ ಉಪ್ಪಾಗೆಗಿಂತ ಸ್ಪಷ್ಟವಾದ ನಿದರ್ಶನ ಮಲೆನಾಡಿನಲ್ಲಿ ಬೇರೊಂದಿಲ್ಲ. ನಿತ್ಯಹರಿದ್ವರ್ಣ ಕಾಡಿನ ಈ ಹುಳಿ ಹಣ್ಣಿನ ಸಿಪ್ಪೆ ಹಿಂದಿನಿಂದಲೂ ಕೇರಳದ ಮೀನಿನ ಸಾರಿಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಅದರಲ್ಲಿರುವ ಆಮ್ಲವೊಂದು ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ ಹೊರದೇಶಗಳಲ್ಲಿ ಬೇಡಿಕೆ ಹುಟ್ಟಿ, ಬೆಲೆ ಏರಿತು. ಹಣ್ಣು ಕೈಗೆ ಬರುವುದು ಕಡು ಮಳೆಗಾಲದಲ್ಲಿ. ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸಬೇಕು. ಕಾಡಿನ ಹಣ್ಣನ್ನು ಕಾಡಿನ ಸೌದೆಯಿಂದಲೇ ಒಣಗಿಸುವ ಈ ಕೆಲಸ, ಹೊಗೆಯೂ ಸೇರಿದಂತೆ, ಬಹುಪಾಲು ಹೆಂಗಸರ ಪಾಲಿನದು.

ಬೆಲೆ ಏರಿದಾಗ ಹಣ್ಣಾಗುವವರೆಗೆ ಕಾಯುವವರು ಇಲ್ಲವಾದರು. ಕಾಯಿಯಿರುವಾಗಲೇ ಕೊಯ್ದರು, ಹತ್ತಲಾರದ ಕಡೆ ಕೊಂಬೆಯನ್ನೇ ಕಡಿದರು. ಸಿಂಗಳೀಕಗಳಿಗೂ ಇದು ಆಹಾರ. ಬೀಜ ಕಾಡಿಗೆ ಮರಳಿದರಷ್ಟೇ ಮುಂದಿನ ಮರ. ಈ ಸಂಗತಿ ಕೊಯ್ಯುವ ಹೆಂಗಸರಿಗೆ ತಿಳಿಯದೆ ಇರಲಿಲ್ಲ. ಆದರೆ ಅರಣ್ಯದ ಕಿರು ಉತ್ಪನ್ನ ಸಂಗ್ರಹಿಸುವ ಹಕ್ಕನ್ನು ದೀರ್ಘಕಾಲ ಹರಾಜಿನಲ್ಲಿ ಗುತ್ತಿಗೆದಾರರಿಗೆ ಕೊಡಲಾಗುತ್ತಿತ್ತು. ಕೊಯ್ಯುವವಳಿಗೆ ಮರದ ಮೇಲೆ ಹಕ್ಕಿರಲಿಲ್ಲ, ತೂಕದ ಮೇಲೆ ಸಿಕ್ಕಷ್ಟು ಹಣ ಅಷ್ಟೇ. ಇಂದು ಬಿಟ್ಟರೆ ನಾಳೆ ಇನ್ನೊಬ್ಬರು ಕೊಯ್ಯುತ್ತಾರೆ. ಮಳೆಗಾಲದಲ್ಲಿ ಬೇರೆ ಕೂಲಿಯಿಲ್ಲ, ಶಾಲೆ ಆರಂಭವಾಗಿ ಪುಸ್ತಕ ಸಮವಸ್ತ್ರದ ಖರ್ಚು ಎದುರಿಗಿದೆ. ಆಕೆಯ ಜಾಗದಲ್ಲಿ ಪರಿಸರ ವಿಜ್ಞಾನದ ಪ್ರಾಧ್ಯಾಪಕರಿದ್ದರೂ ಕೊಯ್ಯುತ್ತಿದ್ದರು. ಮರ ಆಕೆಯದೆಂದು, ಕನಿಷ್ಠ ಆಕೆಯ ಊರಿನದೆಂದು ಆಗಿದ್ದರೆ, ಇನ್ನೆರಡು ವಾರ ಕಾಯಲು ಆಕೆಗೆ ಕಾರಣವಿರುತ್ತಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಡುವುದರ ಅರ್ಥ ಇದೇ.

ಒಡೆತನದ ಮಾತು ಬಂದಾಗ ಮಲೆನಾಡು ತನ್ನ ಇತಿಹಾಸವನ್ನು ನೆನೆಯಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹದಿಂದ ಹಿಡಿದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯವರೆಗೆ ಈ ನೆಲ ಒಂದು ದೊಡ್ಡ ಬದಲಾವಣೆಯನ್ನು ಕಂಡಿತು. ಉಳುವವನೇ ಹೊಲದೊಡೆಯ ಎಂಬುದು ಅದರ ಘೋಷಣೆ. ಆ ಘೋಷಣೆಯ ವ್ಯಾಕರಣವನ್ನು ಗಮನಿಸಿದವರು ವಿರಳ. ನೇಗಿಲು ಹಿಡಿಯುವುದು ಗಂಡಸು. ಹೆಣ್ಣು ನೇಗಿಲು ಮುಟ್ಟಬಾರದೆಂಬ ನಂಬಿಕೆ ಅನೇಕ ಕಡೆ ಇದೆ. ಗೊಬ್ಬರ ಹೊರುವವಳು, ಸಸಿ ನೆಡುವವಳು, ಕಳೆ ಕೀಳುವವಳು, ಬೀಜ ಕಾಯ್ದಿಡುವವಳು ಉಳುವವನ ಲೆಕ್ಕಕ್ಕೆ ಸೇರಲಿಲ್ಲ. ಏಳನೆಯ ನಮೂನೆಯ ಡಿಕ್ಲರೇಷನ್ನುಗಳಲ್ಲಿ ಕುಟುಂಬದ ಪರವಾಗಿ ಬಂದದ್ದು ಬಹುತೇಕ ಗಂಡಸಿನ ಹೆಸರು. ನಂತರದ ಬಗರ್‌ಹುಕುಂ ಅರ್ಜಿಗಳಲ್ಲೂ ಅದೇ ಮುಂದುವರಿಯಿತು. 2015–16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ಶೇ. 14ರಷ್ಟು ಮಾತ್ರ, ಗ್ರಾಮೀಣ ಭಾಗದಲ್ಲಿ ದುಡಿಯುವ ಹೆಂಗಸರಲ್ಲಿ ಸುಮಾರು ನಾಲ್ವರಲ್ಲಿ ಮೂವರು ಇರುವುದು ಕೃಷಿಯಲ್ಲೇ.

ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಏನಾಯಿತು, ಸಂಸಾರ ಒಂದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದು ಬಹಳ. ಸಹಕಾರ ಸಂಘದ ಬೆಳೆ ಸಾಲ ಸಿಗುವುದು ಪಹಣಿಯ ಮೇಲೆ. ಕರ್ನಾಟಕದಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಹೆಸರಿಲ್ಲದ ಹೆಂಗಸಿಗೆ ಉಳಿಯುವುದು ಸಂಘದ ಸಾಲ, ಅದು ಸಾಲದಿದ್ದರೆ ಮೈಕ್ರೋಫೈನಾನ್ಸ್. ಅಲ್ಲಿಯ ಬಡ್ಡಿ ಸಾಮಾನ್ಯವಾಗಿ ಶೇ. 20ಕ್ಕೂ ಮೇಲೆ. ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಂದೇ ಸೂರಿನಡಿ ಪಹಣಿ ಇರುವವನಿಗೆ ಬಡ್ಡಿಯಿಲ್ಲ, ಇಲ್ಲದವಳಿಗೆ ವಾರ ವಾರ ಕಂತು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೈಗೆ ಮೊದಲ ಬಾರಿಗೆ ಸ್ವಂತದ್ದೆನ್ನುವ ಹಣ ತಂದಿತು, ಅದನ್ನು ಹಗುರವಾಗಿ ಕಾಣುವವರು ಬಡತನ ಕಾಣದವರು. ಆದರೆ ಆ ಹಣದಲ್ಲಿ ಕಂತು ಕಟ್ಟಬಹುದು, ಬೆಟ್ಟಕ್ಕೆ ಬೇಲಿ ಹಾಕಲಾಗದು.

ಕೃಷಿ ಇಲಾಖೆಯ ಸಹಾಯಧನ, ಬೆಳೆನಷ್ಟದ ಪರಿಹಾರ, ಎಲ್ಲವೂ ಪಹಣಿಗೆ ಜೋಡಿಸಿದ ರೈತ ಗುರುತಿನ ಸಂಖ್ಯೆಯ ಮೂಲಕವೇ. ತರಬೇತಿಯ ಕರೆ ಹೋಗುವುದೂ ಅದೇ ಪಟ್ಟಿಯಲ್ಲಿರುವ ಮೊಬೈಲಿಗೆ. ಮಣ್ಣು ಪರೀಕ್ಷೆಯ ಚೀಟಿ ಬರುವುದು ಯಜಮಾನನ ಹೆಸರಿಗೆ. ಗೊಬ್ಬರ ಎರಚುವ ಕೈಗೆ ಆ ಚೀಟಿಯಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರ ತನ್ನ ವರದಿಯಲ್ಲಿ, ಗಂಡಸರಿಗೆ ದೊರಕುವಷ್ಟೇ ಸಂಪನ್ಮೂಲ ರೈತ ಮಹಿಳೆಯರಿಗೂ ದೊರೆತರೆ ಅವರ ಹೊಲದ ಇಳುವರಿ ಶೇ. 20ರಿಂದ 30ರಷ್ಟು ಏರಬಲ್ಲದೆಂದು ಅಂದಾಜು ಮಾಡಿತ್ತು. ಹೊಸ ತಳಿಯೊಂದರಿಂದ ಅಷ್ಟು ಏರಿಕೆ ಸಿಗುವುದಾಗಿದ್ದರೆ ಕೃಷಿ ವಿಶ್ವವಿದ್ಯಾಲಯಗಳು ಅದರ ಬಿಡುಗಡೆಗೆ ಮೇಳವನ್ನೇ ನಡೆಸುತ್ತಿದ್ದವು.

ಕಾನೂನು ಇಲ್ಲವೆಂದಲ್ಲ. ಕರ್ನಾಟಕವು 1994ರಲ್ಲೇ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ, ಅದಾಗಲೇ ಮದುವೆಯಾದವರನ್ನು ಹೊರತುಪಡಿಸಿ, ಹುಟ್ಟಿನಿಂದಲೇ ಪಾಲು ಕೊಟ್ಟಿತು. 2005ರಲ್ಲಿ ಕೇಂದ್ರ ಕಾಯ್ದೆ ತಿದ್ದುಪಡಿಯಾಯಿತು. 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಬಂಧನೆಯಿಲ್ಲವೆಂದೂ ಸ್ಪಷ್ಟಪಡಿಸಿತು. ಆದರೂ ಊರೊಳಗಿನ ಕಾಯ್ದೆ ಬೇರೆ. ಪಾಲಿನ ದಿನ ತವರಿಗೆ ಬರುವ ಹೆಣ್ಣುಮಕ್ಕಳು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿ, ಸೀರೆ ಕುಪ್ಪಸ ಪಡೆದು ಹಿಂದಿರುಗುತ್ತಾರೆ. ಬಲವಂತದಿಂದಲ್ಲ, ಹಬ್ಬಕ್ಕೆ ಕರೆಯುವ ಅಣ್ಣನ ಮನೆಯ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ. ಆ ಅಂಜಿಕೆ ಸುಳ್ಳೂ ಅಲ್ಲ.

ಅರಣ್ಯ ಹಕ್ಕು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಕ್ಕುಪತ್ರವನ್ನು ಗಂಡ ಹೆಂಡಿರ ಜಂಟಿ ಹೆಸರಿನಲ್ಲೇ ಕೊಡಬೇಕೆಂದು ವಿಧಿಸಿದೆ. ಒಂಟಿ ಹೆಂಗಸು ಮನೆಯ ಯಜಮಾನಿಯಾಗಿದ್ದರೆ ಆಕೆಯ ಹೆಸರಿನಲ್ಲೇ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಹಳೆಯ ದಾಖಲೆಗಳಲ್ಲಿರುವುದು ಅಜ್ಜನ ಹೆಸರು, ಮುತ್ತಜ್ಜನ ಹೆಸರು. ಮದುವೆಯಾಗಿ ಬೇರೆ ಊರಿಂದ ಬಂದು, ಗಂಡನನ್ನು ಕಳೆದುಕೊಂಡು, ಅದೇ ತುಂಡು ನೆಲವನ್ನು ನಂಬಿರುವ ವಿಧವೆ ಯಾವ ಅಜ್ಜಿಯ ಹೆಸರನ್ನು ಯಾವ ಕಾಗದದಲ್ಲಿ ತೋರಿಸಬೇಕು? ವಯೋವೃದ್ಧರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬೇಕೆಂದು ನಿಯಮವಿದೆ. ಅದನ್ನು ಹೆಂಗಸರ ಅರ್ಜಿಗಳಲ್ಲಿ ಬಳಸಿಕೊಳ್ಳುವಂತೆ ಗ್ರಾಮಸಭೆಗಳು ಒತ್ತಾಯಿಸಬೇಕಾಗಿದೆ.

ಚಳವಳಿಗಳೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. 1974ರ ಮಾರ್ಚ್ 26ರಂದು ಗಢವಾಲದ ರೇಣಿಯಲ್ಲಿ ಗೌರಾದೇವಿ ಮತ್ತು ಅವರ ಸಂಗಾತಿಗಳು ಮರಗಳನ್ನು ಉಳಿಸಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ಆ ದಿನ ಊರಿನ ಗಂಡಸರು ಪರಿಹಾರದ ಹಣ ಪಡೆಯಲು ಚಮೋಲಿಗೆ ಹೋಗಿದ್ದರೆಂಬುದನ್ನು ನೆನೆಯುವವರು ಕಡಿಮೆ. 1980ರಲ್ಲಿ ಡೂಂಗ್ರಿ ಪೈಂಟೋಲಿಯಲ್ಲಿ ಇನ್ನೂ ನೇರವಾದ ಘಟನೆ ನಡೆಯಿತು. ರಸ್ತೆ, ಶಾಲೆ, ಆಸ್ಪತ್ರೆಯ ಭರವಸೆಗೆ ಒಪ್ಪಿ ಊರಿನ ಗಂಡಸರ ಪಂಚಾಯಿತಿ ಓಕ್ ಕಾಡನ್ನು ತೋಟಗಾರಿಕೆ ಇಲಾಖೆಗೆ ಬಿಟ್ಟುಕೊಡಲು ಸಿದ್ಧವಾದಾಗ ಹೆಂಗಸರು ಕಾಡಿನಲ್ಲಿ ನಿಂತು ತಡೆದರು. ರಸ್ತೆ ಬೇಡವೆಂದಲ್ಲ, ಆ ಕಾಡು ಹೋದರೆ ಹುಲ್ಲು ಸೌದೆಗೆ ಎಷ್ಟು ದೂರ ನಡೆಯಬೇಕೆಂಬುದು ಅವರಿಗೆ ಮಾತ್ರ ಗೊತ್ತಿತ್ತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯವರು ಕಳಸೆಯ ಕಾಡಿಗೆ ನಡೆದು ಅಪ್ಪಿಕೊ ಆರಂಭಿಸಿದಾಗಲೂ ಹೆಂಗಸರು ಜೊತೆಗಿದ್ದರು. ಮೆರವಣಿಗೆಯ ಮುಂದಿನ ಸಾಲಿನಲ್ಲಿ, ಛಾಯಾಚಿತ್ರದಲ್ಲಿ ಅವರಿಗೆ ಜಾಗ ಸಿಕ್ಕಿದೆ. ಸಮಿತಿಯ ಖಜಾಂಚಿಯ ಕುರ್ಚಿಯಲ್ಲಿ?

2000ದ ಕೇಂದ್ರ ಮಾರ್ಗಸೂಚಿಯಂತೆ ಗ್ರಾಮ ಅರಣ್ಯ ಸಮಿತಿಯ ಸದಸ್ಯತ್ವದಲ್ಲಿ ಅರ್ಧ, ಕಾರ್ಯಕಾರಿ ಮಂಡಳಿಯಲ್ಲಿ ಶೇ. 33ರಷ್ಟಾದರೂ ಹೆಂಗಸರಿರಬೇಕು. ಸಂಖ್ಯೆ ತುಂಬುತ್ತದೆ, ಸಭೆ ಕರೆಯುವ ಹೊತ್ತು ಹಾಲು ಕರೆಯುವ ಹೊತ್ತಾಗಿರುತ್ತದೆ, ಠರಾವು ಪುಸ್ತಕ ಮನೆಗೇ ಬರುತ್ತದೆ, ರುಜು ಹಾಕಿಸಿಕೊಂಡು ಹೋಗುತ್ತದೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಒಬ್ಬಿಬ್ಬರು ಹೆಂಗಸರಿರುವ ಸಮಿತಿಗೂ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಹೆಂಗಸರಿರುವ ಸಮಿತಿಗೂ ವ್ಯತ್ಯಾಸವಿದೆಯೆಂದು ತೋರಿಸಿದ್ದಾರೆ. ಸಂಖ್ಯೆ ಅಷ್ಟಾದಾಗ ಅವರು ಸಭೆಗೆ ಬರುತ್ತಾರೆ, ಬಾಯಿ ಬಿಡುತ್ತಾರೆ. ನೇಪಾಳದಲ್ಲಿ ಹೆಂಗಸರೇ ನಡೆಸುವ ಸಮಿತಿಗಳಿಗೆ ಸಿಕ್ಕಿದ್ದು ಚಿಕ್ಕ, ಸವೆದ ಕಾಡುಗಳು. ಆದರೂ ಅಲ್ಲಿ ಕಾಡಿನ ಚೇತರಿಕೆ ಉತ್ತಮವಾಗಿತ್ತು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಬದುಕು ಈ ವಿಷಯದಲ್ಲಿ ನಾಡಿಗೆ ಸಂಕೋಚ ತರಬೇಕು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ತಾಯಿಯೊಡನೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದ ಕೂಲಿಗೆ ಹೋದ ಹಾಲಕ್ಕಿ ಸಮುದಾಯದ ಈ ಹೆಣ್ಣುಮಗಳಿಗೆ ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕು, ಯಾವುದನ್ನು ಹೇಗೆ ಮೊಳೆಯಿಸಬೇಕೆಂಬುದು ಕರತಲಾಮಲಕವಾಗಿತ್ತು. ಪದವೀಧರ ಅಧಿಕಾರಿಗಳು ಅವರಿಂದ ಕಲಿತರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರ್‌ನಲ್ಲಿ ಅವರು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಅದನ್ನು ಸ್ವೀಕರಿಸಿದಾಗ ಎಲ್ಲರೂ ಸಂಭ್ರಮಿಸಿದರು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಆ ಜ್ಞಾನಕ್ಕೆ ದಶಕಗಳ ಕಾಲ ಸಂದದ್ದು ದಿನಗೂಲಿ. ಇಂದಿಗೂ ಸಸ್ಯಕ್ಷೇತ್ರಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವ ಹೆಂಗಸರನ್ನು ಯಾವ ಜಾತಿಯ ಗಿಡ ನೆಡಬೇಕೆಂದು ಕೇಳುವ ಪದ್ಧತಿ ಬಂದಿಲ್ಲ. ಕೇಳಿದ್ದರೆ ಅಕೇಶಿಯಾದ ಹೆಸರು ಅಷ್ಟು ಸಲ ಬರುತ್ತಿರಲಿಲ್ಲ.

ಹೆಣ್ಣಿಗೆ ಪಾಲು ಕೊಟ್ಟರೆ ಹಿಡುವಳಿ ಚೂರಾಗುತ್ತದೆ ಎಂಬ ಆಕ್ಷೇಪ ಸಾಮಾನ್ಯ. ಮೂವರು ಗಂಡುಮಕ್ಕಳಿಗೆ ಹಂಚುವಾಗ ಈ ಆತಂಕ ಯಾರಿಗೂ ಬರುವುದಿಲ್ಲ. ಆದರೂ ಆಕ್ಷೇಪದಲ್ಲಿ ಒಂದಂಶ ನಿಜವಿದೆ: ಒಂದೆಕರೆ ತೋಟವನ್ನು ಆರು ಪಾಲು ಮಾಡಿದರೆ ಯಾರಿಗೂ ಉಳಿಯುವುದಿಲ್ಲ. ಪಾಲು ಮಾಡದೆ ಹೆಸರು ಸೇರಿಸಲು ಬರುತ್ತದೆ. ಗಂಡನ ಖಾತೆಗೆ ಹೆಂಡತಿಯ ಹೆಸರನ್ನು ಜಂಟಿಯಾಗಿ ಸೇರಿಸಬಹುದು. ಕುಟುಂಬದೊಳಗಿನ ದಾನಪತ್ರಕ್ಕೆ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಜಮೀನಿನ ಬೆಲೆಯ ಮೇಲಲ್ಲ, ನಿಗದಿತ ಸಣ್ಣ ಮೊತ್ತ. ಸಹಕಾರ ಸಂಘದಲ್ಲಿ ಆಕೆಯೂ ಸದಸ್ಯೆಯಾಗಬಹುದು, ವಾರ್ಷಿಕ ಸಭೆಯಲ್ಲಿ ಮತ ಹಾಕಬಹುದು. ಭೂಮಿಯೇ ಇಲ್ಲದವರ ಪಾಲಿಗೆ ಕಿರು ಉತ್ಪನ್ನದ ಸಾಮೂಹಿಕ ಹಕ್ಕು ಇವೆಲ್ಲಕ್ಕಿಂತ ಮುಖ್ಯ. ಉಪ್ಪಾಗೆ, ಮುರುಗಲು, ವಾಟೆಯ ಕೊಯ್ಲಿನ ದಿನವನ್ನು ಕೊಯ್ಯುವವರ ಸಭೆಯೇ ಗೊತ್ತುಮಾಡುವ ಪದ್ಧತಿ ಬರಬೇಕು, ಆ ಸಭೆ ಹಾಲು ಕರೆದ ಮೇಲೆ ಸೇರಬೇಕು.

ಶಾಲಾ ಕಾಲೇಜಿನ ವಿದ್ಯಾರ್ಥಿಗಳು ಈ ನಡುವೆ ಮಾಡಬಹುದಾದ ಕೆಲಸವೊಂದಿದೆ. ಮುಂಬರುವ ದರಕಿನ ಕಾಲದಲ್ಲಿ ತಂತಮ್ಮ ಮನೆಗೆ ಬರುವ ಹೊರೆಗಳ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ದರಕು, ಸೊಪ್ಪು, ಸೌದೆ, ನೀರು, ಬೇರೆ ಬೇರೆಯಾಗಿ. ಹೊತ್ತವರು ಯಾರು, ಎಷ್ಟು ದೂರದಿಂದ, ಹೋಗಿ ಬರಲು ಹಿಡಿದ ಹೊತ್ತೆಷ್ಟು. ಕೂಲಿಗೆ ಬರುವವರ ಮನೆಯ ಹೊರೆಯನ್ನೂ ಅವರನ್ನು ಕೇಳಿ ಸೇರಿಸಬೇಕು. ಇಪ್ಪತ್ತು ವರ್ಷಗಳ ಹಿಂದೆ ಅದೇ ಹೊರೆ ಎಷ್ಟು ದೂರದಿಂದ ಬರುತ್ತಿತ್ತು ಎಂಬ ಕೊನೆಯ ಕಲಮನ್ನು ಅಜ್ಜಿಯನ್ನು ಕೂರಿಸಿಕೊಂಡು ತುಂಬಬೇಕು. ಬೇಕಾದರೆ ಅವರನ್ನು ಕರೆದುಕೊಂಡು ಹೋಗಿ ದಾರಿಯನ್ನೇ ಅಳೆಯಬಹುದು. ಸುಗ್ಗಿ ಮುಗಿದ ಮೇಲಿನ ಗ್ರಾಮಸಭೆಯಲ್ಲಿ, ಅರಣ್ಯ ಸಮಿತಿಯ ಖರ್ಚುವೆಚ್ಚ ಓದುವ ಹೊತ್ತಿಗೆ, ಆ ಪುಸ್ತಕವನ್ನೂ ಓದಿಸಬೇಕು. ಓದುವವರು ಹೊರೆ ಹೊತ್ತವರೇ ಆಗಿರಲಿ.